ಮದುವೆ ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಲಿ

ಸಂಪಾದಕರಿಗೆ ನಮಸ್ಕಾರ.

ಹುತ್ತರಿ ಕಳೆದ ಮೇಲೆ ನಮ್ಮ ಕೊಡಗಿನಲ್ಲಿ ಮದುವೆ ಮಾತುಗಳು ಶುರುವಾಗುತ್ತವೆ. ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವುದರೊಳಗೆ, ಏಪ್ರಿಲ್ ಮೇ ತಿಂಗಳಲ್ಲಿ, ಕೊಡವ ಸಮಾಜಗಳಲ್ಲಿ ಹಾಲ್ ಸಿಗುವುದೇ ಕಷ್ಟ. ಈ ಸಲ ಮದುವೆಯಾಗುವವರಲ್ಲೂ ಹೊರದೇಶದಲ್ಲಿರುವ ಹುಡುಗ ಹುಡುಗಿಯರು ತುಂಬಾ ಜನ ಇರುತ್ತಾರೆ. ಮೂರು ವಾರ ರಜೆ ಹಾಕಿ ಬಂದು, ಮದುವೆ ಮಾಡಿಕೊಂಡು, ವಾಪಸ್ ವಿಮಾನ ಹತ್ತುವವರು. ನಾನೂ ಹಾಗೇ ಬಂದು ಹೋದವಳು. ಆಮೇಲೆ ಗಂಡನ ಹತ್ತಿರ ಹೋಗಲು ಒಂದು ವರ್ಷ ನಾಲ್ಕು ತಿಂಗಳು ಕಾದೆ. ಅದರಲ್ಲಿ ಸ್ವಲ್ಪ ಕಾಯುವುದು ತಪ್ಪುತ್ತಿರಲಿಲ್ಲ. ಆದರೆ ಕೊನೆಯ ಕೆಲವು ತಿಂಗಳು, ದುಬೈನಲ್ಲಿ ಇದ್ದುಕೊಂಡೇ ಮುಗಿಸಬಹುದಾಗಿದ್ದ ಕೆಲಸ ಊರಿನವರೆಗೂ ಎಳೆದದ್ದು, ಒಂದು ಕಾಗದದ ಮೇಲಿನ ಒಂದೇ ಒಂದು ಹೆಸರಿನಿಂದ. ಬೇರೆ ಯಾರಿಗೂ ಹೀಗಾಗಬಾರದು ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕಂಪನಿಯವರು ನನ್ನನ್ನು ಎರಡು ವರ್ಷದ ಕೆಲಸಕ್ಕೆ ದುಬೈಗೆ ಕಳಿಸಿದ್ದರು. ಖಾಯಂ ಅಲ್ಲ, ಕಾಂಟ್ರಾಕ್ಟ್ ಮುಗಿದರೆ ಅಲ್ಲಿನ ವೀಸಾನೂ ಮುಗಿಯಿತು. ನನ್ನ ಗಂಡ ನಮ್ಮ ಪಕ್ಕದ ನಾಡಿನವರೇ, ಆದರೆ ಓದಲು ಹೋಗಿ ಬ್ರಿಟನ್ನಿನಲ್ಲೇ ನೆಲೆಸಿದವರು, ಅಲ್ಲಿ ಖಾಯಂ ಇರುವ ಅನುಮತಿ ಅವರಿಗೆ ಸಿಕ್ಕಿದೆ. 2024ರ ಫೆಬ್ರವರಿಯಲ್ಲಿ ಎರಡೂ ಮನೆಯವರು ಕೂತು ಮೇ ತಿಂಗಳಿಗೆ ದಿನ ನೋಡಿದರು. ಆಗ ಬ್ರಿಟನ್ನಿಗೆ ಹೆಂಡತಿಯನ್ನೋ ಗಂಡನನ್ನೋ ಕರೆಸಿಕೊಳ್ಳಲು ಅಲ್ಲಿರುವವರ ವರ್ಷದ ಸಂಬಳ 18,600 ಪೌಂಡ್ ಇದ್ದರೆ ಸಾಕಿತ್ತು. ನನ್ನ ಗಂಡನಿಗೆ 26,000 ಬರುತ್ತಿತ್ತು. ನಾವು ನಿಶ್ಚಿಂತೆಯಲ್ಲಿದ್ದೆವು. ಏಪ್ರಿಲ್ 11ರಿಂದ ಆ ಮೊತ್ತ 29,000ಕ್ಕೆ ಏರಿತು. ಮದುವೆಗೆ ಇನ್ನೂ ತಿಂಗಳೂ ಇರಲಿಲ್ಲ. ಇದು ಯಾರ ತಪ್ಪೂ ಅಲ್ಲ ಬಿಡಿ. ಸೆಪ್ಟೆಂಬರಿನಲ್ಲಿ ಅವರು ಜಾಸ್ತಿ ಸಂಬಳದ ಬೇರೆ ಕೆಲಸ ಹಿಡಿದರು. ಹೊಸ ಕೆಲಸದಲ್ಲಿ 6 ತಿಂಗಳ ಸಂಬಳದ ಚೀಟಿ, ಅದಕ್ಕೆ ಸರಿಯಾಗಿ ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡುವವರೆಗೆ, ಅಂದರೆ 2025ರ ಮಾರ್ಚ್ ಕೊನೆಯವರೆಗೆ ಕಾದೆವು. ನನ್ನ ಕಾಂಟ್ರಾಕ್ಟ್ ಮೇ ಕೊನೆಯವರೆಗೆ ಇತ್ತು. ಏಪ್ರಿಲ್ ಶುರುವಿನಲ್ಲೇ ದುಬೈನಿಂದ ಅರ್ಜಿ ಹಾಕಿಬಿಡೋಣ ಅಂತ ಎಲ್ಲ ಜೋಡಿಸಿಕೊಂಡೆ.

ಮೊದಲು ಇಲ್ಲಿ ಒಂದು ಮಾತು. ತುಂಬಾ ಜನ ನನ್ನನ್ನು ಕೇಳಿದರು, ನೀನು ದುಬೈಯವಳಲ್ಲವಲ್ಲ, ಅಲ್ಲಿಂದ ಹೇಗೆ ಅರ್ಜಿ ಹಾಕುತ್ತೀ, ಊರಿಗೆ ಬಂದೇ ಹಾಕಬೇಕು ಅಲ್ವಾ ಅಂತ. ಇಲ್ಲ. ಬ್ರಿಟನ್ನಿನ ನಿಯಮ ಕೇಳುವುದು ನೀವು ಈಗ ಎಲ್ಲಿ ವಾಸವಾಗಿದ್ದೀರಿ ಅಂತ. ನೀವು ಯಾವ ದೇಶದ ಪ್ರಜೆ ಅಂತ ಅಲ್ಲ. ಎರಡು ವರ್ಷದ ಕೆಲಸದ ವೀಸಾ, ಎಮಿರೇಟ್ಸ್ ಐಡಿ, ಮನೆ ಬಾಡಿಗೆ ಕರಾರು ಇದ್ದವಳಿಗೆ ದುಬೈ ವಾಸದ ಸ್ಥಳವೇ. ವಿಸಿಟ್ ವೀಸಾದಲ್ಲಿ ಒಂದು ತಿಂಗಳು ಅಕ್ಕನ ಮನೆಗೆ ಹೋದವರಿಗೆ ಅಲ್ಲ. ಇನ್ನು ಕೆಲವರು, ಸುಮ್ನೆ ವಿಸಿಟರ್ ವೀಸಾ ತಗೊಂಡು ಗಂಡನ ಹತ್ತಿರ ಹೋಗು, ಅಲ್ಲೇ ಬದಲಾಯಿಸಿಕೊಳ್ಳಬಹುದು ಅಂದರು. ದಯವಿಟ್ಟು ಯಾರೂ ಈ ಮಾತು ಕೇಳಬೇಡಿ. ವಿಸಿಟರ್ ಆಗಿ ಹೋದವರು ಬ್ರಿಟನ್ನಿನ ಒಳಗಿದ್ದುಕೊಂಡು ಗಂಡ ಹೆಂಡತಿಯ ವೀಸಾಗೆ ಬದಲಾಗಲು ಆಗುವುದಿಲ್ಲ, ಹೊರಗೆ ಬಂದೇ ಅರ್ಜಿ ಹಾಕಬೇಕು.

ಏಪ್ರಿಲಿನ ಒಂದು ಸಂಜೆ ದುಬೈನ ದೇರಾ ಅನ್ನುವ ಕಡೆ ಒಂದು ಟೈಪಿಂಗ್ ಸೆಂಟರಿಗೆ ಹೋದೆ. ಫಾರಂ ನಾನೇ ಆನ್‌ಲೈನಿನಲ್ಲಿ ತುಂಬಿದ್ದೆ, ಕಾಗದಗಳನ್ನು ಸ್ಕ್ಯಾನ್ ಮಾಡಿಸುವುದಷ್ಟೇ ಇತ್ತು. ಅಲ್ಲಿದ್ದವರು ಕಾಸರಗೋಡಿನ ಕಡೆಯವರು, ವಯಸ್ಸಾದವರು, ತುಂಬಾ ನಿಧಾನ. ನನ್ನ ಪಾಸ್‌ಪೋರ್ಟನ್ನೂ ಮದುವೆ ಸರ್ಟಿಫಿಕೇಟನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಪೆನ್ನಿನ ಮುಚ್ಚಳದಿಂದ ಪಾಸ್‌ಪೋರ್ಟಿನ ಹೆಸರಿನ ಮೇಲೆ ಒಂದೊಂದೇ ಅಕ್ಷರ ತೋರಿಸುತ್ತಾ ಹೋದರು, ಆಮೇಲೆ ಸರ್ಟಿಫಿಕೇಟಿನ ಮೇಲೆ. ಮತ್ತೆ ಮೊದಲಿಂದ. ಕೊನೆಗೆ ತಲೆ ಎತ್ತಿ, 'ಮೋಳೇ, ಈ ಎರಡು ಒಬ್ಬರೇನಾ?' ಅಂದರು.

ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಜೊತೆ ನನ್ನ ತವರಿನ ಮನೆ ಹೆಸರು ಇತ್ತು. ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು ಸೇರಿಸಿ, ಗಂಡನ ಮನೆ ಹೆಸರು ಮುಂದೆ ಹಾಕಿ ಬರೆದಿದ್ದರು. ಅದೂ ಸಾಲದು ಅಂತ ನನ್ನ ಹೆಸರಿನ ಕೊನೆಯ ಅಕ್ಷರದ ಸ್ಪೆಲಿಂಗ್ ಬೇರೆ. ಹನ್ನೊಂದು ತಿಂಗಳು ಆ ಕಾಗದ ನನ್ನ ಸೂಟ್‌ಕೇಸಿನಲ್ಲೇ ಇತ್ತು. ಒಮ್ಮೆಯೂ ಹೀಗೆ ಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ.

ನಮ್ಮವರ ಹೆಸರಿನ ವಿಷಯ ಕೊಡಗಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನೇ ತೆಗೆದುಕೊಳ್ಳಿ. ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೊಡಂದೇರ ಅನ್ನುವುದು ಮನೆ ಹೆಸರು, ಮಾದಪ್ಪ ತಂದೆ, ಕಾರ್ಯಪ್ಪ ಅವರ ಸ್ವಂತ ಹೆಸರು. ನಾವು ಮನೆ ಹೆಸರಿನಿಂದ ಶುರು ಮಾಡಿ ಒಳಗೆ ಬರುತ್ತೇವೆ. ಪಾಸ್‌ಪೋರ್ಟಿನ ಫಾರಂ ಸರ್‌ನೇಮ್ ಯಾವುದು, ಗಿವನ್ ನೇಮ್ ಯಾವುದು ಅಂತ ಎರಡು ಚೌಕ ಮಾಡಿ ಕೇಳುತ್ತದೆ. ಒಂದೇ ಮನೆಯ ಅಣ್ಣ ತಂಗಿ ಬೇರೆ ಬೇರೆ ತರ ತುಂಬಿರುತ್ತಾರೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ. ಆಧಾರಿನಲ್ಲಿ ಮತ್ತೊಂದು. ಮದುವೆಯಾದ ಹೆಣ್ಣುಮಕ್ಕಳಿಗಂತೂ ಮದುವೆಯಲ್ಲಿ ಸಂಬಂಧ ಅಡಕಿದ, ಅಂದರೆ ಗಂಡನ ಮನೆಗೆ ಸೇರಿಸಿದ, ಹೊತ್ತಿನಿಂದ ಗಂಡನ ಒಕ್ಕದ (ಕುಟುಂಬದ) ಹೆಸರು. ಊರಲ್ಲಿ ಇದರಿಂದ ಯಾರಿಗೂ ತೊಂದರೆ ಆಗಿಲ್ಲ, ಯಾಕೆಂದರೆ ಯಾರ ಮಗಳು, ಯಾರ ಮನೆ ಸೊಸೆ ಅಂತ ಎಲ್ಲರಿಗೂ ಗೊತ್ತು. ವೀಸಾ ನೋಡುವ ಅಧಿಕಾರಿಗೆ ಅದು ಗೊತ್ತಿಲ್ಲ. ಅವರ ಮುಂದೆ ಇರುವುದು ಕಾಗದ ಮಾತ್ರ, ಆ ಕಾಗದದಲ್ಲಿ ಮದುವೆಯಾದವಳು ಪಾಸ್‌ಪೋರ್ಟ್ ಹಿಡಿದವಳೇ ಅಂತ ಕಾಣಬೇಕು.

ತಪ್ಪು ಹೇಗಾಯಿತು ಅಂತ ಆಮೇಲೆ ನೆನಪು ಮಾಡಿಕೊಂಡೆ. ಮುಹೂರ್ತದ ದಿನ ಮುಕ್ಕಾಲಿ ಮೇಲೆ ಕೂತಿದ್ದಾಗ ಬಂದವರು ಒಬ್ಬೊಬ್ಬರಾಗಿ ಮೊಣಕಾಲಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ, ಕಿಂಡಿ ಅನ್ನುವ ಕೊಳವೆಯಿರುವ ಚೊಂಬಿನಿಂದ ಒಂದು ಗುಟುಕು ಹಾಲು ಕೊಟ್ಟು ಹರಸಿದ್ದರು. ಅದು ಮುಗಿದು, ಗಂಗಾಪೂಜೆ ಮುಗಿದು, ತವರಿಗೆ ಹೋಗಿ ಬಂದು, ನಾಲ್ಕನೇ ದಿನ ರಿಜಿಸ್ಟರ್ ಮಾಡಿಸಲು ಹೋದೆವು. ಎಲ್ಲರಿಗೂ ಸುಸ್ತು. ಅರ್ಜಿ ತುಂಬಿಕೊಟ್ಟವರು ಆಧಾರ್ ಕೇಳಿದರು, ಲಗ್ನಪತ್ರಿಕೆ ಕೇಳಿದರು, ಫೋಟೋ ಕೇಳಿದರು. ಪಾಸ್‌ಪೋರ್ಟ್ ಕೇಳಲೇ ಇಲ್ಲ, ನಾವೂ ಕೊಡಲಿಲ್ಲ. ಮಾವ ಪಕ್ಕದಲ್ಲಿ ನಿಂತು, ಇನ್ನು ಮೇಲೆ ನಮ್ಮ ಮನೆ ಹೆಸರೇ ಅಲ್ವಾ ಅಂತ ಪ್ರೀತಿಯಿಂದ ಹೇಳಿ ಬರೆಸಿದರು. ಆ ಹೊತ್ತಿಗೆ ನನಗೂ ಅದು ಖುಷಿಯೇ. ಸಹಿ ಹಾಕುವ ಮೊದಲು ಯಾರೂ ಓದಿ ನೋಡಲಿಲ್ಲ.

ಹೀಗೇ ಕಳಿಸಿ, ಎರಡೂ ಒಬ್ಬಳೇ ಅಂತ ಒಂದು ಅಫಿಡವಿಟ್ ಇಡಿ ಅಂತ ಕೆಲವರು ಹೇಳಿದರು. ಕೆಲವರಿಗೆ ಅದರಲ್ಲೇ ಆಗಿರಲೂಬಹುದು. ನನಗೆ ಧೈರ್ಯ ಬರಲಿಲ್ಲ. ಅರ್ಜಿ ಶುಲ್ಕ ಆ ಏಪ್ರಿಲಿನಿಂದಲೇ 1,938 ಪೌಂಡ್ ಆಗಿತ್ತು. ಅದರ ಮೇಲೆ ಅಲ್ಲಿನ ಆರೋಗ್ಯ ಸೇವೆಗೆ ವರ್ಷಕ್ಕೆ 1,035 ಪೌಂಡ್ ಲೆಕ್ಕದಲ್ಲಿ, 33 ತಿಂಗಳ ವೀಸಾವನ್ನು ಮೂರು ವರ್ಷ ಅಂತ ಹಿಡಿದು, 3,105 ಪೌಂಡ್ ಮುಂಗಡವಾಗಿ ಕಟ್ಟಬೇಕಿತ್ತು. ಒಟ್ಟು 5,043 ಪೌಂಡ್, ನಮ್ಮ ರೂಪಾಯಿಯಲ್ಲಿ 6 ಲಕ್ಷದ ಹತ್ತಿರ. ವೀಸಾ ತಿರಸ್ಕಾರವಾದರೆ ಆರೋಗ್ಯದ ದುಡ್ಡು ವಾಪಸ್ ಬರುತ್ತದೆ, ಅರ್ಜಿ ಶುಲ್ಕ ಬರುವುದಿಲ್ಲ. ತಿರಸ್ಕಾರದ ದಾಖಲೆಯೂ ಹಾಗೇ ಉಳಿದುಬಿಡುತ್ತದೆ, ಮುಂದೆ ಎಲ್ಲಿ ಅರ್ಜಿ ಹಾಕಿದರೂ ಹೇಳಬೇಕು.

ಸರ್ಟಿಫಿಕೇಟ್ ಸರಿಪಡಿಸಬೇಕಾದರೆ ಇಬ್ಬರೂ ಖುದ್ದಾಗಿ ಬಂದು ಸಹಿ ಹಾಕಬೇಕು ಅಂತ ನಮಗೆ ಹೇಳಿದರು. ನಾನು ದುಬೈನಲ್ಲಿ, ಅವರು ಬ್ರಿಟನ್ನಿನಲ್ಲಿ. ಹೊಸ ಕೆಲಸ, ಅವರಿಗೆ ರಜೆ ಸಿಕ್ಕಿದ್ದು ಜೂನಿಗೆ. ಅಷ್ಟರಲ್ಲಿ ನನ್ನ ಕಾಂಟ್ರಾಕ್ಟ್ ಮುಗಿಯಿತು, ದುಬೈ ವೀಸಾ ರದ್ದಾಯಿತು, ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದೆ. ಜೂನ್ ಮೂರನೇ ವಾರ ಅವರು ಏಳು ದಿನಕ್ಕೆ ಬಂದರು. ಕೊಡಗಿನ ಜೂನ್ ಹೇಗಿರುತ್ತದೆ ನಿಮಗೆ ಗೊತ್ತು. ಮೊದಲ ದಿನ ಹೋದರೆ ಕರೆಂಟ್ ಇಲ್ಲ. ಮರ ಬಿದ್ದು ಲೈನ್ ಹೋಗಿತ್ತು. ಎರಡನೇ ದಿನ ಕರೆಂಟ್ ಬಂತು, ಸರ್ವರ್ ಇಲ್ಲ. ಕೊಡೆಯಿಂದ ನೀರು ಸೋರಿ ಕಾಲಡಿ ಕೆರೆಯಾಗಿತ್ತು, ನನ್ನ ಗಂಡ ಕಾಗದದ ಕವರನ್ನು ಶರ್ಟಿನೊಳಗೆ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಐದನೇ ದಿನ ಕೆಲಸ ಆಯಿತು. ಅಲ್ಲಿನ ಸಿಬ್ಬಂದಿ ಕೆಟ್ಟವರಲ್ಲ, ಊಟದ ಹೊತ್ತು ಬಿಟ್ಟು ಮಾಡಿಕೊಟ್ಟರು. ಆದರೆ ಆ ಏಳು ದಿನದಲ್ಲಿ ನಾವಿಬ್ಬರೂ ಕೂತು ನೆಮ್ಮದಿಯಾಗಿ ಊಟ ಮಾಡಿದ್ದು ಎರಡೇ ದಿನ.

ದೇಶ ಬದಲಾದ ಮೇಲೆ ಬೇರೆ ಲೆಕ್ಕವೂ ಬದಲಾಗುತ್ತದೆ. ಭಾರತದಲ್ಲಿ ವಾಸ ಇರುವವರು ಬ್ರಿಟನ್ನಿಗೆ ಆರು ತಿಂಗಳಿಗಿಂತ ಜಾಸ್ತಿ ಹೋಗುವುದಾದರೆ ಅವರು ಹೇಳಿದ ಕ್ಲಿನಿಕ್ಕಿನಲ್ಲೇ ಕ್ಷಯರೋಗದ ಪರೀಕ್ಷೆ ಮಾಡಿಸಬೇಕು. ಈ ಪರೀಕ್ಷೆ ಬೇಕಾದ ದೇಶಗಳ ಪಟ್ಟಿ ಇದೆ, ದುಬೈ ಆ ಪಟ್ಟಿಯಲ್ಲಿ ಇಲ್ಲ. ಊರಿಗೆ ಬಂದ ಮೇಲೆ ಏಜೆಂಟ್ ಒಬ್ಬರು ನಿಮಗೂ ಪರೀಕ್ಷೆ ಬೇಕೇ ಬೇಕು ಅಂದರು. ನಾನು ಬ್ರಿಟನ್ ಸರ್ಕಾರದ ವೆಬ್‌ಸೈಟ್ ತೆರೆದು ಓದಿದೆ. ಪಟ್ಟಿಯಲ್ಲಿಲ್ಲದ ದೇಶದಲ್ಲಿ ಕನಿಷ್ಠ 6 ತಿಂಗಳು ಇದ್ದು, ಅಲ್ಲಿಂದ ಹೊರಟು 6 ತಿಂಗಳು ದಾಟಿರದಿದ್ದರೆ ಪರೀಕ್ಷೆ ಬೇಡ ಅಂತ ಇತ್ತು. ನಾನು ದುಬೈ ಬಿಟ್ಟು ಒಂದು ತಿಂಗಳಾಗಿತ್ತು ಅಷ್ಟೇ. ದುಬೈ ವಾಸದ ದಾಖಲೆ ಇಟ್ಟೆ, ಯಾರೂ ಪ್ರಶ್ನೆ ಮಾಡಲಿಲ್ಲ. ಅದಕ್ಕೇ ಹೇಳುವುದು, ಏಜೆಂಟರಿಗೆ ದುಡ್ಡು ಕೊಡುವ ಮೊದಲು ಆಯಾ ದೇಶದ ಸರ್ಕಾರದ ಪುಟವನ್ನು ಒಮ್ಮೆ ನೀವೇ ಓದಿ. ಕಷ್ಟದ ಇಂಗ್ಲಿಷ್ ಏನಲ್ಲ. ಇಂಗ್ಲಿಷ್ ಪರೀಕ್ಷೆಯ ವಿಷಯದಲ್ಲೂ ಹೀಗೇ ಹೆದರಿಸುತ್ತಾರೆ. ಗಂಡ ಹೆಂಡತಿಯ ವೀಸಾಗೆ ಬೇಕಾದದ್ದು ಎ1 ಅನ್ನುವ ಎಲ್ಲಕ್ಕಿಂತ ಕೆಳಗಿನ ಮಟ್ಟದ ಮಾತು ಮತ್ತು ಕೇಳುವಿಕೆ ಮಾತ್ರ, ಅದನ್ನು ನಾನು ದುಬೈನಲ್ಲಿದ್ದಾಗಲೇ ಮುಗಿಸಿದ್ದೆ.

ಇನ್ನು ಗಂಡ ಹೆಂಡತಿ ಇಬ್ಬರೂ ಸ್ವಲ್ಪ ಕಾಲ ಹೊರಗಿದ್ದು ಒಟ್ಟಿಗೆ ಬ್ರಿಟನ್ನಿಗೆ ಮರಳುವವರು ಇದ್ದಾರೆ. ಬ್ರಿಟಿಷ್ ಪೌರತ್ವ ಸಿಕ್ಕಿದ ಹುಡುಗ, ಕಂಪನಿಯ ಕೆಲಸಕ್ಕೆ ಸಿಂಗಪುರಕ್ಕೋ ದುಬೈಗೋ ಹೋಗಿರುತ್ತಾನೆ, ಹೆಂಡತಿಯೂ ಅಲ್ಲೇ. ಅಂಥವರಿಗೆ ಹೊರದೇಶದ ಸಂಬಳ ಒಂದೇ ಸಾಲದು. ಅಲ್ಲಿನ 6 ತಿಂಗಳ ಸಂಬಳದ ದಾಖಲೆಯ ಜೊತೆಗೆ, ಬ್ರಿಟನ್ನಿಗೆ ಮರಳಿದ 3 ತಿಂಗಳೊಳಗೆ ಸೇರಿಕೊಳ್ಳುವ ಕೆಲಸದ ಪತ್ರವೂ ಬೇಕು, ಅದರ ಸಂಬಳವೂ 29,000 ಮುಟ್ಟಬೇಕು. ಇಲ್ಲವಾದರೆ ಉಳಿತಾಯ ತೋರಿಸಬೇಕು. ಬರೀ ಉಳಿತಾಯದ ಮೇಲೆ ಹೋಗುವುದಾದರೆ 88,500 ಪೌಂಡ್, ಅದೂ 6 ತಿಂಗಳಿನಿಂದ ಖಾತೆಯಲ್ಲಿ ಇದ್ದದ್ದು. ಟಿಕೆಟ್ ಬುಕ್ ಮಾಡಿದ ಮೇಲೆ ಇದು ಗೊತ್ತಾದರೆ ಏನು ಮಾಡುವುದು ಹೇಳಿ.

ಅಮೆರಿಕದ ಕಡೆ ಹೋಗುವವರೂ ಗಮನಿಸಬೇಕು. 2025ರ ಸೆಪ್ಟೆಂಬರಿನಿಂದ ಅವರು ತಾತ್ಕಾಲಿಕ ವೀಸಾಗಳಿಗೆ, ಅಲ್ಲಿ ಕೆಲಸದ ವೀಸಾದಲ್ಲಿರುವವರ ಗಂಡ ಹೆಂಡತಿಗೆ ಕೊಡುವ ಎಚ್-4 ಸಹ ಸೇರಿ, ತಮ್ಮ ದೇಶದಲ್ಲೋ ಅಥವಾ ಈಗ ವಾಸವಿರುವ ದೇಶದಲ್ಲೋ ಮಾತ್ರ ಸಂದರ್ಶನಕ್ಕೆ ಹೋಗಿ ಅಂತ ಹೇಳಿದ್ದಾರೆ. ಮೊದಲು ಇಲ್ಲಿ ದಿನಾಂಕ ಸಿಗದವರು ಬೇರೆ ದೇಶಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು, ಆ ದಾರಿ ಈಗ ನಂಬುವಂತಿಲ್ಲ. ಕೆನಡಾದವರಂತೂ ಕಳೆದ 10 ವರ್ಷದಲ್ಲಿ ನೀವು ಒಂದೇ ಸಮ 6 ತಿಂಗಳು ಅಥವಾ ಜಾಸ್ತಿ ಇದ್ದ ಪ್ರತಿ ದೇಶದ ಪೊಲೀಸ್ ಸರ್ಟಿಫಿಕೇಟ್ ಕೇಳುತ್ತಾರೆ. ಗಲ್ಫ್‌ನಲ್ಲಿರುವವರು ಐಡಿ ಕೈಯಲ್ಲಿರುವಾಗಲೇ ಅದನ್ನು ತೆಗೆಸಿಕೊಳ್ಳಿ, ಬಿಟ್ಟು ಬಂದ ಮೇಲೆ ಜಾಸ್ತಿ ಓಡಾಟ.

ಇನ್ನೊಂದು ವಿಷಯ, ಇದು ಸೂಕ್ಷ್ಮ, ಆದರೂ ಹೇಳುತ್ತೇನೆ. ವೀಸಾಗೆ ತಡವಾಗುತ್ತದೆ ಅಂತ ಕೆಲವು ಮನೆಗಳಲ್ಲಿ ಮೊದಲು ರಿಜಿಸ್ಟರ್ ಮಾಡಿಸಿ, ಮದುವೆ ಆಮೇಲೆ ದೊಡ್ಡದಾಗಿ ಮಾಡೋಣ ಅನ್ನುತ್ತಾರೆ. ಹಿಂದೂ ವಿವಾಹ ಕಾಯ್ದೆ 1955ರ ಕೆಳಗೆ ಇದು ಅಪಾಯ. ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಮದುವೆ ಅಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆ ತೀರ್ಪಿನಲ್ಲಿ ವೀಸಾಗೋಸ್ಕರ ಹೀಗೆ ಮಾಡುವವರ ಮಾತೂ ಬಂದಿದೆ. ಶಾಸ್ತ್ರ ಅಂದರೆ ಹೋಮ, ಸಪ್ತಪದಿಯೇ ಆಗಬೇಕೆಂದಿಲ್ಲ, ಎರಡರಲ್ಲಿ ಒಂದು ಕಡೆಯವರ ಪದ್ಧತಿಯಂತೆ ನಡೆದರೆ ಸಾಕು ಅಂತ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಪುರೋಹಿತರಿಲ್ಲದ, ಹೋಮವಿಲ್ಲದ ನಮ್ಮ ಮದುವೆಯೂ ಮದುವೆಯೇ. ದುಬೈನಲ್ಲಿ ಒಬ್ಬರು ನನ್ನ ಆಲ್ಬಂ ನೋಡಿ, ತಾಳಿ ಕಟ್ಟುವ ಫೋಟೋ ಎಲ್ಲಿ, ಪುರೋಹಿತರೆಲ್ಲಿ ಅಂತ ಕೇಳಿದ್ದರು. ನಮ್ಮಲ್ಲಿ ತಾಳಿಯ ಜಾಗದಲ್ಲಿ ಇರುವುದು ಪತ್ತಾಕ್, ಅದನ್ನು ನನಗೆ ಕಟ್ಟಿದ್ದು ನನ್ನ ಅವ್ವ. ನಮ್ಮ ಪದ್ಧತಿ ಏನು ಅಂತ ಒಂದು ಪುಟ ಬರೆದು, ಅಕ್ಕಿ ಹಾಕುವ ಫೋಟೋ, ಮನೆತನದ ಪರವಾಗಿ ಮಾತಾಡುವ ಅರುವ ಸಂಬಂಧ ಅಡಕುವ ಫೋಟೋ ಇಟ್ಟೆ. ಅಂಥ ಪುಟ ಇಡಲೇಬೇಕೆಂದಿಲ್ಲ, ಇಟ್ಟರೆ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಶಾಸ್ತ್ರ ಬೇಡ, ಬರೀ ರಿಜಿಸ್ಟರ್ ಮದುವೆಯೇ ಸಾಕು ಅನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಆದರೆ ಇಬ್ಬರಲ್ಲಿ ಒಬ್ಬರು ನೋಟಿಸ್ ಕೊಡುವ ಮೊದಲು ಆ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕು, ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು. ಇಬ್ಬರೂ ಮೂರು ವಾರದ ರಜೆಯಲ್ಲಿ ಬಂದವರಾದರೆ ಅದು ಆಗುವ ಕೆಲಸವಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಜಿಲ್ಲಾಡಳಿತದವರು ನಮ್ಮ ಐದೂ ತಾಲ್ಲೂಕುಗಳಲ್ಲಿ ಮದುವೆ ನೋಂದಣಿ ಮಾಡುವ ಕಡೆ ಒಂದು ಕ್ರಮ ತರಲಿ. ಅರ್ಜಿ ತುಂಬುವಾಗ 'ಪಾಸ್‌ಪೋರ್ಟ್ ಇದೆಯಾ?' ಅಂತ ಒಂದು ಪ್ರಶ್ನೆ ಕೇಳಲಿ. ಇದ್ದರೆ ಅದರಲ್ಲಿರುವ ಹೆಸರನ್ನೇ, ಅದೇ ಸ್ಪೆಲಿಂಗಿನಲ್ಲಿ ಬರೆಯಲಿ. ಮುದ್ರಿಸುವ ಮೊದಲು ಒಂದು ಕರಡು ಪ್ರತಿ ತೆಗೆದು ಹುಡುಗ ಹುಡುಗಿಯ ಕೈಗೆ ಕೊಟ್ಟು ಓದಿಸಲಿ. ಎರಡು ನಿಮಿಷದ ಕೆಲಸ. ಹೊರದೇಶದಲ್ಲಿರುವವರ ಸರ್ಟಿಫಿಕೇಟಿನಲ್ಲಿ ತಪ್ಪಿದ್ದರೆ, ಒಬ್ಬರು ಮಾತ್ರ ಬಂದರೂ, ಇನ್ನೊಬ್ಬರು ಭಾರತದ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಪತ್ರ ಕಳಿಸಿದರೆ ಸರಿಪಡಿಸುವ ಹಾಗೆ ಆಗಲಿ. ಇದು ಬರೀ ಕೊಡವರ ಮಾತಲ್ಲ. ಗೌಡರಲ್ಲಿ ಮನೆ ಹೆಸರಿದೆ, ಮುಸ್ಲಿಂ ಮನೆಗಳಲ್ಲಿ ಅಪ್ಪನ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ತರ ಇರುತ್ತದೆ. ಕುಶಾಲನಗರದಿಂದ ಕುಟ್ಟದವರೆಗೆ ಗಲ್ಫಿಗೆ ಹೋಗಿರುವ ಮಕ್ಕಳಿಲ್ಲದ ಊರು ಯಾವುದಿದೆ?

ಅಪ್ಪ ಅವ್ವಂದಿರಿಗೂ ಒಂದು ಮಾತು. ದಿನ ನೋಡುವಾಗಲೇ ಕಾಗದದ ಕೆಲಸಕ್ಕೂ ಒಂದು ದಿನ ಇಟ್ಟುಬಿಡಿ. ನೆಂಟರ ಊಟ ಒಂದು ಕಡಿಮೆಯಾದರೂ ಪರವಾಗಿಲ್ಲ. ಸೊಸೆಯ ಹೆಸರಿನ ಮುಂದೆ ನಿಮ್ಮ ಮನೆ ಹೆಸರು ಬರಲಿ ಅನ್ನುವ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಆ ಒಂದು ಕಾಗದದಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಇರಲಿ. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಇರಲೇಬೇಕು ಅಂತ ಬ್ರಿಟನ್ ವೀಸಾಗೆ ಏನೂ ಇಲ್ಲ. ಮದುವೆಯಾದ ಕೂಡಲೇ ಅವಸರದಲ್ಲಿ ಪಾಸ್‌ಪೋರ್ಟ್ ಬದಲಾಯಿಸಲೂ ಹೋಗಬೇಡಿ. ಈಗಿರುವ ದೇಶದ ವೀಸಾ ಹಳೆಯ ಪಾಸ್‌ಪೋರ್ಟಿನ ಮೇಲೆ ಇರುತ್ತದೆ, ಅದನ್ನು ಸರಿ ಮಾಡಿಸುವುದು ಇನ್ನೊಂದು ಸುತ್ತಾಟ.

ಜುಲೈಯಲ್ಲಿ ಬೆಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ಬಂದೆ. ಮೊನ್ನೆ ವೀಸಾ ಬಂತು. ಅವ್ವ ಮೆಣಸು, ಕಾಚಂಪುಳಿ, ಮನೆಯ ಕಾಫಿ ಪುಡಿ ಎಲ್ಲ ಕಟ್ಟಿ ಇಟ್ಟಿದ್ದಾರೆ. ಕಾವೇರಿ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ, ತೀರ್ಥ ತಂದು ಮನೆಯಲ್ಲಿಟ್ಟು, ಆ ವಾರವೇ ಹೊರಡುತ್ತೇನೆ. ಅಲ್ಲಿಯವರೆಗೆ ಊರಲ್ಲೇ ಇರುತ್ತೇನೆ. ಇದೇ ಓಡಾಟದಲ್ಲಿರುವವರು ಯಾರಾದರೂ ಇದ್ದರೆ ನಿಮ್ಮ ಪತ್ರಿಕೆ ಕಚೇರಿಗೆ ತಿಳಿಸಲಿ, ನನ್ನ ಅರ್ಜಿಯ ಕಾಗದಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದಾಗಿ ತೋರಿಸಿಕೊಡುತ್ತೇನೆ. ಬರುವಾಗ ಪಾಸ್‌ಪೋರ್ಟ್ ಮತ್ತು ಮದುವೆ ಸರ್ಟಿಫಿಕೇಟ್ ಎರಡನ್ನೂ ತರಲಿ.

ಇಂತಿ,
ಒಬ್ಬ ಓದುಗಿ
ಪೊನ್ನಂಪೇಟೆ ತಾಲ್ಲೂಕು, ಕೊಡಗು